ಪವರ್ ಏರಿಸುವ ಮೊದಲು ಗೇರ್‌ಬಾಕ್ಸ್ ಇಳಿಸಿ ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಗಾಡಿ ಇಟ್ಟುಕೊಂಡ ಹುಡುಗರು ಸೇರಿದರೆ ಈಗ ರೀಮ್ಯಾಪ್‌ನದ್ದೇ ಮಾತು. ಡೀಸೆಲ್ ಗಾಡಿಯ ಕಂಪ್ಯೂಟರ್‌ಗೆ ಬೇರೆ ಪ್ರೋಗ್ರಾಂ ಹಾಕಿಸಿದರೆ ಪಿಕಪ್ ಏರುತ್ತದೆ, ಘಾಟಿಯಲ್ಲಿ ಪದೇ ಪದೇ ಗೇರ್ ಇಳಿಸಬೇಕಿಲ್ಲ ಅಂತ. ಹಳೇ ಜೀಪಿನವರು ಡೀಸೆಲ್ ಪಂಪ್ ಟ್ಯೂನ್ ಮಾಡಿಸುತ್ತಾರೆ, ಇನ್ನು ಕೆಲವರು ಟರ್ಬೊ ಇರುವ ಬೇರೆ ಎಂಜಿನ್ನನ್ನೇ ತಂದು ಕೂರಿಸುತ್ತಾರೆ. ಲೋಡ್ ಹಾಕಿಕೊಂಡು ತೋಟದ ಏರು ಹತ್ತುವವರಿಗೆ ಆ ಆಸೆ ಯಾಕೆ ಬರುತ್ತದೆ ಅಂತ ನನಗೂ ಗೊತ್ತು. ಆದರೆ ಎಂಜಿನ್ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಅದರ ಬೆನ್ನಿಗೇ ತಿರುಗುವ ಭಾರದ ಚಕ್ರ ಫ್ಲೈವೀಲ್, ಅದನ್ನು ಹಿಡಿದು ಶಕ್ತಿಯನ್ನು ಗೇರ್‌ಬಾಕ್ಸ್‌ಗೆ ಕಳಿಸುವ ಕ್ಲಚ್ ಎಷ್ಟು ಸವೆದಿದೆ ಅಂತ ಕೇಳುವುದೇ ಇಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ, ಅದಕ್ಕೇ ಬರೆಯುತ್ತಿದ್ದೇನೆ.

ಎಂಜಿನ್ ಎಷ್ಟೇ ಟಾರ್ಕ್ (ತಿರುಗಿಸುವ ಬಲ) ಕೊಡಲಿ, ಚಕ್ರಕ್ಕೆ ತಲುಪುವುದು ಕ್ಲಚ್ ಹಿಡಿದಷ್ಟೇ. ಕ್ಲಚ್ ಪ್ಲೇಟನ್ನು ಫ್ಲೈವೀಲ್‌ಗೆ ಅದುಮುವ ಪ್ರೆಶರ್ ಪ್ಲೇಟಿನ ಬಲ, ಕ್ಲಚ್ ಪ್ಲೇಟಿನ ಅಗಲ, ಅದರ ಮೈಮೇಲಿನ ಲೈನಿಂಗ್‌ನ ಉಜ್ಜುವಿಕೆ, ಈ ಮೂರು ಸೇರಿ ಆ ಹಿಡಿತ. 1.3 ಲೀಟರಿನ ಡೀಸೆಲ್ ಸ್ವಿಫ್ಟ್ ಕಂಪನಿಯಿಂದ ಬಂದಾಗ ಅದರ ಟಾರ್ಕ್ 190 ನ್ಯೂಟನ್ ಮೀಟರ್. ಅದನ್ನು ಕಾಲು ಭಾಗ ಏರಿಸಿದರೆ 237 ದಾಟುತ್ತದೆ. ಹೊಸ ಕ್ಲಚ್‌ನಲ್ಲಿ ಸ್ವಲ್ಪ ಹೆಚ್ಚುವರಿ ಹಿಡಿತ ಇಟ್ಟೇ ಮಾಡಿರುತ್ತಾರೆ, ತಡೆದುಕೊಂಡರೂ ತಡೆದುಕೊಳ್ಳಬಹುದು. ಆದರೆ ವರ್ಷಗಟ್ಟಲೆ ಪೆಡಲ್ ಅರ್ಧ ಒತ್ತಿಕೊಂಡು, ಹಾಫ್ ಕ್ಲಚ್‌ನಲ್ಲಿ ಘಾಟಿ ಹತ್ತಿ ಸವೆದ ಪ್ಲೇಟಿಗೆ ಮೊದಲಿನ ಟಾರ್ಕ್ ತಡೆಯುವುದೇ ಕಷ್ಟ. ಅದರ ಮೇಲೆ ಇನ್ನೂ ಹಾಕಿದರೆ ಜಾರದೆ ಏನು ಮಾಡುತ್ತದೆ? ತೋಟದವರಿಗೆ ಬೇಗ ಅರ್ಥವಾಗುತ್ತದೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಬೆಲ್ಟ್ ಸಡಿಲ ಇದ್ದಾಗ ದೊಡ್ಡ ಮೋಟಾರ್ ಹಾಕಿದರೆ ಬೆಲ್ಟ್ ಸುಡುತ್ತದೆ, ಹಣ್ಣು ಮಾತ್ರ ಅಲ್ಲೇ ಇರುತ್ತದೆ.

ನಮ್ಮ ಪಕ್ಕದ ತೋಟದವರ ಪಿಕಪ್‌ಗೆ ಆಗಿದ್ದೂ ಇದೇ. ಹೊರಗಡೆ ಎಲ್ಲೋ ಪವರ್ ಏರಿಸಿಕೊಂಡು ಬಂದರು, ಊರೊಳಗೆ ಗಾಡಿ ಚಿಮ್ಮುತ್ತಿತ್ತು. ಮಳೆಗಾಲದಲ್ಲಿ ಲೋಡ್ ಹಾಕಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ, ಮೇಲಿನ ಕೊಟ್ಟಿಗೆಹಾರ ಇನ್ನೂ ದೂರ ಇರುವಾಗಲೇ, ಎಂಜಿನ್ ಒಂದೇ ಸಮ ಕೂಗುತ್ತದೆ, ಗಾಡಿ ಮಾತ್ರ ನಿಂತಲ್ಲೇ. ತಿರುವಿನಲ್ಲಿ, ಮಂಜಿನಲ್ಲಿ, ಹಿಂದೆ ಬಸ್ಸು ಲಾರಿ ಸಾಲು. ಕ್ಲಚ್ ಪೂರ್ತಿ ಕೈಕೊಟ್ಟರೆ ಗೇರ್‌ನಲ್ಲಿಟ್ಟು ಹಿಡಿದು ನಿಲ್ಲಿಸುವುದಕ್ಕೂ ಆಗುವುದಿಲ್ಲ, ಎಂಜಿನ್ ಬ್ರೇಕಿಂಗ್ ಸಿಗುವುದಿಲ್ಲ, ಬ್ರೇಕ್ ಒಂದೇ ಗತಿ. ಅವರಿಗೆ ಏನೂ ಆಗಲಿಲ್ಲ, ಪುಣ್ಯ.

ಆ ಗಾಡಿಯ ಗೇರ್‌ಬಾಕ್ಸ್ ಇಳಿಸಿದಾಗ ನಾನು ಗ್ಯಾರೇಜಿನಲ್ಲೇ ಇದ್ದೆ, ಅದನ್ನು ಇಳಿಸಿದರೇ ಕ್ಲಚ್ ಕಾಣುವುದು. ಕ್ಲಚ್ ಪ್ಲೇಟಿನ ರಿವೆಟ್ ತಲೆಗಳು ಮೇಲೆ ಬಂದು ಫ್ಲೈವೀಲ್ ಮೈಮೇಲೆ ಸುತ್ತಲೂ ಗೀರಿದ್ದವು, ಉಗುರು ಇಟ್ಟರೆ ಸಿಕ್ಕಿಕೊಳ್ಳುವಷ್ಟು ಆಳ. ಅಲ್ಲಲ್ಲಿ ನೀಲಿ ಕಲೆ, ಅಂದರೆ ಕಬ್ಬಿಣ ಅಷ್ಟು ಕಾದಿದೆ. ಆ ಕಲೆಗಳ ಮಧ್ಯೆ ಕೂದಲೆಳೆಯಂಥ ಬಿರುಕುಗಳು. ಮೆಕ್ಯಾನಿಕ್ ಬೆಳಕಿಗೆ ಹಿಡಿದು ತೋರಿಸಿದ, "ಇದಕ್ಕೆ ಹೊಸ ಪ್ಲೇಟ್ ಹಾಕಿದರೂ ತಿಂದುಹಾಕುತ್ತೆ ಅಣ್ಣ" ಅಂದ. ಸರಿಯಾದ ಮಾತು. ನೀಲಿಯಾದ ಜಾಗ ಗಟ್ಟಿಯಾಗಿ ಉಬ್ಬಿಕೊಂಡಿರುತ್ತದೆ, ಹೊಸ ಪ್ಲೇಟ್ ಸಮನಾಗಿ ಕೂರುವುದಿಲ್ಲ, ಗಾಡಿ ನಿಂತಲ್ಲಿಂದ ಎತ್ತುವಾಗ ಗಡಗಡ ನಡುಗುತ್ತದೆ. ಬಿರುಕು ಆಳವಾಗಿದ್ದರೆ ಲೇತ್‌ಗೆ ಕೊಟ್ಟು ಫೇಸಿಂಗ್ (ಮೈ ಸಮ) ಮಾಡಿಸುವುದರಲ್ಲೂ ಅರ್ಥವಿಲ್ಲ, ಬದಲಾಯಿಸಲೇಬೇಕು. ಜೋರು ಆರ್‌ಪಿಎಂನಲ್ಲಿ ಒಡೆದ ಫ್ಲೈವೀಲ್ ಸುತ್ತಲಿನ ಹೌಸಿಂಗ್ (ಕವಚ) ಸೀಳಿಕೊಂಡು ಹೊರಗೆ ಬರಬಹುದು, ಅದು ಕಾಲಿನ ಹತ್ತಿರವೇ ಇರುವ ವಸ್ತು.

ಇದನ್ನೆಲ್ಲ ಮೊದಲೇ ತಿಳಿದುಕೊಳ್ಳಲು ದೊಡ್ಡ ಯಂತ್ರ ಬೇಡ. ಖಾಲಿ ಇರುವ ಸಮತಟ್ಟು ರಸ್ತೆಯಲ್ಲಿ ನಾಲ್ಕನೇ ಗೇರ್‌ನಲ್ಲಿ ನಿಧಾನಕ್ಕೆ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಮೇಲೆ ಹಾರಿ ಸ್ಪೀಡ್ ಅಲ್ಲೇ ಇದ್ದರೆ ಕ್ಲಚ್ ಜಾರುತ್ತಿದೆ. ಹಳೇ ಜೀಪಿನಲ್ಲಿ ಮುಳ್ಳು ಇಲ್ಲ, ಕಿವಿ ಸಾಕು. ಇದು ಏರಿಸುವ ಮುಂಚೆಯೇ ಕಂಡರೆ ರೀಮ್ಯಾಪ್ ಮಾತನ್ನು ಅಲ್ಲಿಗೇ ಬಿಟ್ಟು ಮೊದಲು ಗ್ಯಾರೇಜಿಗೆ ಹೋಗಿ.

ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದೇ, ಅದಕ್ಕೆ ಇಳಿಸಿದಾಗ ಎಲ್ಲವನ್ನೂ ಒಟ್ಟಿಗೆ ಮಾಡಿಸಬೇಕು: ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್. ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಒಸರುತ್ತಿದ್ದರೆ ಅದನ್ನೂ ಬದಲಾಯಿಸಿ, ಯಾಕೆಂದರೆ ಆಯಿಲ್ ತಾಗಿದ ಪ್ಲೇಟ್ ಹೊಸದಾದರೂ ಜಾರುತ್ತದೆ. ಫೇಸಿಂಗ್ ಮಾಡಿಸುವಾಗ ಮೆಟ್ಟಿಲು ಇರುವ ಫ್ಲೈವೀಲ್ ಆದರೆ ಕ್ಲಚ್ ಪ್ಲೇಟ್ ಕೂರುವ ಮುಖ, ಪ್ರೆಶರ್ ಪ್ಲೇಟ್ ಬೋಲ್ಟ್ ಆಗುವ ಮುಖ, ಎರಡನ್ನೂ ಒಂದೇ ಅಳತೆಗೆ ತೆಗೆಯಬೇಕು. ಒಂದನ್ನು ಮಾತ್ರ ತೆಗೆದರೆ ಪ್ರೆಶರ್ ಪ್ಲೇಟ್ ಒತ್ತುವ ಬಲವೇ ಬದಲಾಗಿಬಿಡುತ್ತದೆ. ಈಗಿನ ಹಲವು ಡೀಸೆಲ್ ಗಾಡಿಗಳಲ್ಲಿ ಒಳಗೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವೀಲ್ ಬರುತ್ತದೆ, ಎಂಜಿನ್ ಹೊಡೆತ ಗೇರ್‌ಬಾಕ್ಸ್‌ಗೆ ತಾಗದ ಹಾಗೆ. ಅದರ ಆಟ (ಸಡಿಲ) ಜಾಸ್ತಿ ಆಗಿದ್ದರೆ ಬದಲಾಯಿಸುವುದೇ ದಾರಿ. ದುಬಾರಿ ಅಂತ ಸಾದಾ ಫ್ಲೈವೀಲ್ ಹಾಕಿಸುವವರಿದ್ದಾರೆ, ಆ ನಡುಕ ಗೇರ್‌ಬಾಕ್ಸ್‌ಗೆ ಹೋಗುತ್ತದೆ.

ಇನ್ನು ಕೆಲವರು ರೇಸಿನವರು ಹಾಕುವ ಸೆರಾಮಿಕ್ ಪ್ಲೇಟ್, ಹಗುರ ಫ್ಲೈವೀಲ್ ಕೇಳುತ್ತಾರೆ. ನಮ್ಮ ತೋಟಗಳಲ್ಲಿ ರ‍್ಯಾಲಿ ನಡೆಯುತ್ತದೆ, ಅದನ್ನು ನೋಡಿದವರಿಗೆ ಮನಸ್ಸಾಗುತ್ತದೆ. ಆದರೆ ಭಾನುವಾರ ಮುಳ್ಳಯ್ಯನಗಿರಿ ರಸ್ತೆಯ ಜಾಮ್‌ನಲ್ಲಿ ಏರಿನಲ್ಲಿ ನಿಂತು ನಿಂತು ಎತ್ತಬೇಕು, ಸೆರಾಮಿಕ್ ಪ್ಲೇಟ್ ಹಿಡಿದರೆ ಒಂದೇ ಸಲ ಹಿಡಿಯುತ್ತದೆ, ಹಗುರ ಫ್ಲೈವೀಲ್ ಇದ್ದರೆ ಲೋಡ್ ಗಾಡಿ ಎತ್ತುವಾಗಲೇ ಬಂದ್ ಆಗುತ್ತದೆ. ಏರಿಸುವ ಟಾರ್ಕ್‌ಗೆ ತಕ್ಕ ಹೆವಿ ಡ್ಯೂಟಿ ಸಾದಾ ಲೈನಿಂಗ್ ಸಾಕು ಅಂತ ನನ್ನ ಅಭಿಪ್ರಾಯ. ಹೊಸ ಕ್ಲಚ್ ಹಾಕಿದ ಮೇಲೆ ಕೆಲವು ನೂರು ಕಿಲೋಮೀಟರ್ ಲೋಡ್ ಇಲ್ಲದೆ ಮೆತ್ತಗೆ ಓಡಿಸಿ, ಪ್ಲೇಟ್ ಕೂತ ಮೇಲೆಯೇ ಪವರ್ ಮಾತು.

ಕಾನೂನಿನ ವಿಷಯವನ್ನೂ ಹೇಳಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊರತಾಗಿ ಗಾಡಿ ಬದಲಾಯಿಸುವಂತಿಲ್ಲ, ಬೇರೆ ಎಂಜಿನ್ ಕೂರಿಸಲು ಆರ್‌ಟಿಒ ಅನುಮತಿ ಬೇಕು. 2019ರ ತಿದ್ದುಪಡಿ ಬಂದ ಮೇಲೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಕೂಡ ಆಗಬಹುದು. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೂ ಇದನ್ನೇ.

ನನ್ನ ಬೇಡಿಕೆ ಇಷ್ಟೇ. ಪವರ್ ಏರಿಸುವ ಅಂಗಡಿಯವರು ಲ್ಯಾಪ್‌ಟಾಪ್ ತೆಗೆಯುವ ಮುಂಚೆ ಗಾಡಿ ಓಡಿಸಿ ಕ್ಲಚ್ ಪರೀಕ್ಷೆ ಮಾಡಲಿ, ಅದರ ಫಲಿತಾಂಶವನ್ನು ಬಿಲ್ಲಿನ ಮೇಲೆ ಬರೆದು ಕೊಡಲಿ, ಜಾರುತ್ತಿದ್ದರೆ ಕೆಲಸ ಒಪ್ಪಿಕೊಳ್ಳದಿರಲಿ. ಗ್ರಾಹಕರೂ ಬಿಚ್ಚಿದ ಹಳೇ ಪ್ಲೇಟ್, ಫ್ಲೈವೀಲ್ ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ನಿಮ್ಮ ಪತ್ರಿಕೆ ನಮ್ಮ ಭಾಗದ ಅನುಭವಿ ಮೆಕ್ಯಾನಿಕ್‌ಗಳನ್ನು ಮಾತಾಡಿಸಿ ಮಳೆಗಾಲ ಶುರುವಾಗುವ ಮುಂಚೆ ಇದರ ಬಗ್ಗೆ ಒಂದು ಪುಟ ಮಾಡಿದರೆ ಘಾಟಿ ಓಡಾಡುವವರಿಗೆ ತುಂಬ ಉಪಕಾರವಾಗುತ್ತದೆ.

ಇಂತಿ,
ನಿಮ್ಮ ಓದುಗ,
ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ