ಫೋಟೋ ತಿದ್ದಿಕೊಟ್ಟ ಸಾರ್‌ಗೆ

ರೈಲಿನ ಫೋಟೋ ತೋರಿಸಿದರೆ ಎಲ್ಲರೂ ಸುಮ್ನೆ "ಸೂಪರ್" ಅನ್ನುತ್ತಾರೆ. ಬಳ್ಳಾರಿ ಪ್ಲಾಟ್‌ಫಾರ್ಮಿನಲ್ಲಿ ಒಂದೊಂದನ್ನೂ ದೊಡ್ಡದು ಮಾಡಿ ನೋಡಿದವರು ನೀವೊಬ್ಬರೇ.

"ಹೊಸಪೇಟೆ ಕಡೆಯಿಂದ ಬರುವ ಗಾಡಿ ಹೆಚ್ಚುಕಡಿಮೆ ಪೂರ್ವಕ್ಕೆ ಮುಖ ಮಾಡಿರುತ್ತೆ. ಬೆಳಿಗ್ಗೆ ತೆಗೆಯಿರಿ, ಬಿಸಿಲು ಇಂಜಿನ್ ಮುಖಕ್ಕೇ ಬೀಳುತ್ತೆ. ಅತ್ತ ಹೋಗುವುದನ್ನು ಸಂಜೆಗೆ ಇಟ್ಟುಕೊಳ್ಳಿ" ಅಂದಿರಿ. ಎಷ್ಟು ಸರಳ, ಅಲ್ವಾ? ಆದರೆ ಯಾರೂ ಹೇಳಿರಲಿಲ್ಲ. ಇಂಜಿನ್ ತಲೆಯಿಂದಲೇ ಕರೆಂಟ್ ಕಂಬ ಎದ್ದಂತಿದ್ದ ಫೋಟೋಗೆ, "ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಸಾಕು. ಹಳದಿ ಗೆರೆ ಮಾತ್ರ ದಾಟಬೇಡಿ" ಅಂದಿರಿ. ಕ್ಯಾಮೆರಾದ ಶಟರ್ ಸ್ಪೀಡ್ 1/1000 ಸೆಕೆಂಡಿಗೆ ಇಡಿಸಿದಿರಿ. ಈಗ ಓಡುವ ಇಂಜಿನ್ನಿನ ನಂಬರೂ ಸ್ಪಷ್ಟವಾಗಿ ಓದಬಹುದು.

ಹೆಸರು ಕೇಳುವಷ್ಟರಲ್ಲಿ ನಿಮ್ಮ ಗಾಡಿ ಬಂತು. ತುಂಬಾ ಥ್ಯಾಂಕ್ಸ್ ಸಾರ್. ಹೊಸ ಫೋಟೋಗಳನ್ನೂ ನೀವೇ ನೋಡಬೇಕು, ತಪ್ಪಿದ್ದರೆ ಹೀಗೇ ನೇರವಾಗಿ ಹೇಳಬೇಕು.