ತಾರೀಖು ಹೇಳಿ ಸ್ವಾಮಿ, ಬಸ್ ಹಿಡಿಯಬೇಕು

ಮಾನ್ಯ ಸಂಪಾದಕರೇ,

ಫೆಬ್ರವರಿ 14ಕ್ಕೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಶುರು ಅಂತ ಕೇಂದ್ರ ಕ್ರೀಡಾ ಸಚಿವರು ಈ 2026ರ ಜನವರಿ 6ರಂದು ಹೇಳಿದರು. ಅವತ್ತಿನಿಂದ ನನ್ನ ತಲೆ ನೆಟ್ಟಗಿಲ್ಲ. ತೋಟದಲ್ಲಿ ರೋಬಸ್ಟಾ ಕಾಫಿ ಕುಯ್ಲು ನಡೆಯುತ್ತಿದೆ. ಸಂಜೆ ಹಣ್ಣು ತೂಕ ಹಾಕಿಸಿ ಯಾರದು ಎಷ್ಟು ಕೆ.ಜಿ. ಅಂತ ಬರೆದುಕೊಳ್ಳುವುದು ನನ್ನ ಕೆಲಸ. ಆ ಪುಸ್ತಕದ ಅಂಚಿನಲ್ಲಿ ಈಗ ನಮ್ಮ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ತಂಡದ ಹನ್ನೊಂದು ಜನರನ್ನು ಬರೆಯುವುದು, ಹೊಡೆದು ಹಾಕುವುದು, ಮತ್ತೆ ಬರೆಯುವುದು. ಗೋಲಿನಲ್ಲಿ ಗುರ್‌ಪ್ರೀತ್, ಮುಂದೆ ಸುನಿಲ್ ಛೆಟ್ರಿ. ಇವರಿಬ್ಬರನ್ನು ಬಿಟ್ಟರೆ ಉಳಿದ ಜಾಗಗಳು ದಿನಕ್ಕೊಂದು ಸಲ ಬದಲಾಗುತ್ತವೆ. ಮೊನ್ನೆ ಸಾಹುಕಾರರು ಪುಸ್ತಕ ತಿರುವಿ, ‘ಇವರೆಲ್ಲ ಯಾವ ಲೈನ್ ಮನೆಯವರಯ್ಯಾ, ಒಬ್ಬನ ಮುಖವೂ ನೆನಪಿಗೆ ಬರ್ತಾ ಇಲ್ಲವಲ್ಲ’ ಅಂದರು.

ಇಷ್ಟೊಂದು ಖುಷಿ ಯಾಕೆ ಅಂತ ಕ್ರಿಕೆಟ್ ನೋಡುವವರಿಗೆ ಅರ್ಥ ಆಗಲಿಕ್ಕಿಲ್ಲ. ಅವರ ಆಟ ನಿಲ್ಲುವುದೇ ಇಲ್ಲ. ಒಂದು ಮುಗಿಯುವ ಮೊದಲು ಇನ್ನೊಂದು ಬಂದಿರುತ್ತದೆ. ನಮ್ಮದು ಹಾಗಲ್ಲ. ಹೋದ ಜುಲೈನಲ್ಲಿ ಸೀಸನ್ನನ್ನೇ ತಡೆಹಿಡಿದರು. ಫುಟ್‌ಬಾಲ್ ಫೆಡರೇಷನ್‌ಗೂ ಲೀಗ್ ನಡೆಸುವ ಕಂಪನಿಗೂ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಆಮೇಲೇನು ಅಂತ ಯಾರೂ ಹೇಳಲಿಲ್ಲ. ವಿಷಯ ಸುಪ್ರೀಂ ಕೋರ್ಟಿನಲ್ಲಿತ್ತು. ಆಗಸ್ಟ್‌ನಲ್ಲಿ ನಮ್ಮ ಬಿಎಫ್‌ಸಿ ಮೊದಲ ತಂಡದ ಆಟಗಾರರು, ಸಿಬ್ಬಂದಿ ಎಲ್ಲರ ಸಂಬಳ ನಿಲ್ಲಿಸಿತು. ಲೀಗ್ ನಡೆಸಲು ಟೆಂಡರ್ ಕರೆದರು, ಒಬ್ಬರೂ ಮುಂದೆ ಬರಲಿಲ್ಲ. ನಡುವೆ ಗೋವಾದಲ್ಲಿ ಸೂಪರ್ ಕಪ್ ಆಯಿತು, ಅಷ್ಟೇ ನಮಗೆ ಸಿಕ್ಕಿದ್ದು. ಈ ಜನವರಿ ಶುರುವಿನಲ್ಲಿ ಛೆಟ್ರಿ, ಗುರ್‌ಪ್ರೀತ್, ಜಿಂಗನ್ ಎಲ್ಲ ಸೇರಿ ವಿಡಿಯೊ ಮಾಡಿ, ಫಿಫಾದವರೇ ನೀವಾದರೂ ಕೈ ಹಿಡಿಯಿರಿ ಅಂತ ಕೇಳಿಕೊಂಡರು. ದೇಶಕ್ಕೆ ಆಡಿದವರು ಆಡಲು ಬಿಡಿ ಅಂತ ಬೇಡುವ ಸ್ಥಿತಿ. ಅದನ್ನು ನೋಡಿ ಹೊಟ್ಟೆ ಉರಿಯಿತು.

ಮಾಮೂಲಿ ವರ್ಷ ಆಗಿದ್ದರೆ ನಮ್ಮ ಕೈಲ್‌ಪೊಳ್ದ್ ಹಬ್ಬ ಮುಗಿದು ಮಳೆ ಒಂಚೂರು ಕೈ ಬಿಡುವ ಹೊತ್ತಿಗೆ ಆಟ ಶುರುವಾಗಿರುತ್ತಿತ್ತು. 2024ರಲ್ಲಿ ಸೆಪ್ಟೆಂಬರ್ 13ಕ್ಕೇ ಮೊದಲ ಪಂದ್ಯ. ಕೊಡಗಿನ ಮಳೆಗಾಲ ನಿಮಗೆ ಗೊತ್ತೇ ಇದೆ. ಜುಲೈ, ಆಗಸ್ಟ್ ಎರಡು ತಿಂಗಳು ಮರ ಬೀಳುವುದು, ಕರೆಂಟ್ ಹೋಗುವುದು, ಒಗೆದ ಬಟ್ಟೆ ಒಣಗದೇ ಇರುವುದು. ಅಂಥ ದಿನಗಳಲ್ಲಿ ಈ ಸಲ ಯಾರನ್ನು ತಗೊಂಡರು, ಯಾರನ್ನು ಬಿಟ್ಟರು, ಮೊದಲ ಪಂದ್ಯ ಯಾರ ಜೊತೆ ಅಂತ ಮಾತಾಡಿಕೊಂಡೇ ಕಾಲ ಕಳೆಯುವುದು ನಮ್ಮಂಥವರ ಅಭ್ಯಾಸ. ಹೋದ ಮಳೆಗಾಲದಲ್ಲಿ ಮಾತಾಡಲಿಕ್ಕೂ ಏನೂ ಇರಲಿಲ್ಲ. ಬರೀ ಮಳೆ.

ಅದೂ ಎಂಥಾ ಸೀಸನ್ ಆದ ಮೇಲೆ! 2025ರ ಮಾರ್ಚ್ 29ಕ್ಕೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಮುಂಬೈ ಸಿಟಿಗೆ ಐದು ಗೋಲು ಹೊಡೆದಿದ್ದೆವು, ಅವರಿಗೆ ಒಂದೂ ಕೊಡಲಿಲ್ಲ. ಸೆಮಿಫೈನಲ್‌ನಲ್ಲಿ ಗೋವಾ ತಂಡವನ್ನು ಇಲ್ಲಿ 2-0 ಸೋಲಿಸಿ ಅಲ್ಲಿಗೆ ಹೋದರೆ, ಅವರು ಎರಡೂ ಗೋಲು ವಾಪಸ್ ಹೊಡೆದು ಸಮ ಮಾಡಿಬಿಟ್ಟರು. ಇನ್ನೇನು ಹೆಚ್ಚುವರಿ ಸಮಯ ಅನ್ನುವಾಗ, ತೊಂಬತ್ತು ನಿಮಿಷ ದಾಟಿದ ಮೇಲೆ, ಛೆಟ್ರಿ ತಲೆ ಕೊಟ್ಟು ಗೋಲು ಹೊಡೆದ ನೋಡಿ. ನಲವತ್ತು ದಾಟಿದ ಮನುಷ್ಯ! ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ತೋಟಕ್ಕೆ ಆನೆ ಬಂತು ಅಂತ ಟಾರ್ಚ್ ಹಿಡಿದು ಹೊರಗೆ ಬಂದಿದ್ದರು. ಫೈನಲ್‌ನಲ್ಲಿ ಕೋಲ್ಕತ್ತದಲ್ಲಿ ಮೋಹನ್ ಬಗಾನ್ ಎದುರು ಮುಂದಿದ್ದೂ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತೆವು. ಏಪ್ರಿಲ್ 12. ಅದರ ಬಗ್ಗೆ ಜಾಸ್ತಿ ಬರೆಯಲ್ಲ.

ಆ ಸೋಲು ಗಂಟಲಲ್ಲೇ ಸಿಕ್ಕಿಕೊಂಡಿದೆ. ಸಾಮಾನ್ಯವಾಗಿ ಐದಾರು ತಿಂಗಳಲ್ಲಿ ಇನ್ನೊಂದು ಸೀಸನ್ ಬಂದು ಅದನ್ನು ಕೆಳಗಿಳಿಸುತ್ತದೆ. ಈ ಸಲ ಹತ್ತು ತಿಂಗಳು ಹಾಗೇ ಇಟ್ಟುಕೊಂಡಿದ್ದೇವೆ.

ಬಿಎಫ್‌ಸಿ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. 2013ರಲ್ಲಿ ಹುಟ್ಟಿದ ಕ್ಲಬ್. ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್ ಫೈನಲ್‌ಗೆ ಹೋಯಿತು, ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಅಷ್ಟು ದೂರ ಹೋಗಿರಲಿಲ್ಲ. ದೋಹಾದಲ್ಲಿ ಇರಾಕಿನ ಕ್ಲಬ್ ಎದುರು ಒಂದೇ ಗೋಲಿನಿಂದ ಸೋತರು. ಐಎಸ್‌ಎಲ್ ಗೆದ್ದಿದ್ದು ಒಂದೇ ಸಲ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ. 117ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟಿದ್ದು ನನ್ನ ಕಣ್ಣಲ್ಲಿ ಇನ್ನೂ ಇದೆ. ಛೆಟ್ರಿ ಮೊದಲ ದಿನದಿಂದ ಇದ್ದಾನೆ. (‘ಇದ್ದಾನೆ’ ಅಂದಿದ್ದು ಸಲುಗೆಯಿಂದ, ತಪ್ಪು ತಿಳಿಯಬೇಡಿ.) ದೇಶಕ್ಕೆ 95 ಗೋಲು. 2026ರ ಈ ಜನವರಿಗೆ 41 ವಯಸ್ಸು. ಹೋದ ಸೀಸನ್‌ನಲ್ಲಿ 14 ಗೋಲು ಹೊಡೆದು ಭಾರತೀಯರಲ್ಲಿ ಎಲ್ಲರಿಗಿಂತ ಮುಂದಿದ್ದ. ಇನ್ನು ಎಷ್ಟು ದಿನ ಆಡಿಯಾನು ಹೇಳಿ? ಅವನ ಆಟದಲ್ಲಿ ಆರು ತಿಂಗಳನ್ನು ಕಾಗದಪತ್ರದ ಜಗಳ ತಿಂದು ಹಾಕಿತು. ನನಗೆ ಅದೇ ದೊಡ್ಡ ಸಂಕಟ.

‘ಕೊಡಗಿನಲ್ಲಿದ್ದುಕೊಂಡು ಫುಟ್‌ಬಾಲಾ?’ ಅಂತ ಕೇಳುವವರು ಬಹಳ. ಹಾಕಿ ನಮ್ಮ ಮನೆ ಆಟ, ಅದರಲ್ಲಿ ಎರಡು ಮಾತಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಈಗ ಮುನ್ನೂರಕ್ಕೂ ಜಾಸ್ತಿ ಮನೆತನಗಳ ತಂಡ ಬರುತ್ತವೆ, ನಾನೂ ಹೋಗಿ ಕೂತು ನೋಡುವವನೇ. ಆದರೆ ಸುಂಟಿಕೊಪ್ಪದಲ್ಲಿ ಗೋಲ್ಡ್ ಕಪ್ ಫುಟ್‌ಬಾಲ್ ನಡೆಯುವಾಗ ಒಂದು ಸಲ ಬಂದು ನೋಡಿ. ಶಾಲಾ ಮೈದಾನದ ಸುತ್ತ ನಿಲ್ಲಲು ಜಾಗ ಇರುವುದಿಲ್ಲ. ಹೊರಗಿನ ತಂಡಗಳೂ ಬರುತ್ತವೆ. ಅಮ್ಮತ್ತಿ, ಸಿದ್ದಾಪುರ, ವಿರಾಜಪೇಟೆ ಕಡೆ ಚೆಂಡು ಒದೆಯದ ಹುಡುಗರು ಕಡಿಮೆ. ಮಳೆಗಾಲದಲ್ಲಿ ಕೆಸರು ಗದ್ದೆಯಲ್ಲೂ ಆಡುತ್ತಾರೆ. ಅಲ್ಲಿ ಯಾರು ಯಾವ ತಂಡ ಅಂತ ಹತ್ತು ನಿಮಿಷ ಆದ ಮೇಲೆ ದೇವರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ ಬೆಂಗಳೂರಿನವರಿಗೆ ಗೊತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಬಿಎಫ್‌ಸಿಯ ನೀಲಿ ಅಂಗಿಗಿಂತ ಕೇರಳ ತಂಡದ ಹಳದಿ ಅಂಗಿ ಜಾಸ್ತಿ. ಗಡಿ ಪಕ್ಕದಲ್ಲೇ ಇದೆ. ಮಾಕುಟ್ಟ ಇಳಿದರೆ ಕೇರಳ, ಕುಟ್ಟ ದಾಟಿದರೆ ಕೇರಳ. ಹಾಗಾಗಿ ಕೇರಳ ಬ್ಲಾಸ್ಟರ್ಸ್ ಅಭಿಮಾನಿಗಳು ನಮ್ಮ ಕ್ಯಾಂಟೀನಲ್ಲಿ, ಬೇಕರಿಯಲ್ಲಿ, ನಮ್ಮ ತೋಟದ ಜೀಪಿನಲ್ಲೂ ಇದ್ದಾರೆ. ಜೀಪ್ ಓಡಿಸುವ ಅಣ್ಣ ಒಬ್ಬ ಇದ್ದಾನೆ, ಬಿಎಫ್‌ಸಿ ಸೋತ ಮಾರನೇ ದಿನ ಮಾತ್ರ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳುತ್ತಾನೆ. 2023ರ ಮಾರ್ಚ್ 3ರ ಬಿಎಫ್‌ಸಿ-ಬ್ಲಾಸ್ಟರ್ಸ್ ಪಂದ್ಯದ ವಾದ ಇನ್ನೂ ಮುಗಿದಿಲ್ಲ. ಹೆಚ್ಚುವರಿ ಸಮಯದಲ್ಲಿ ನಮಗೆ ಫ್ರೀ ಕಿಕ್ ಸಿಕ್ಕಿತು, ಅವರ ಆಟಗಾರರು ಅಡ್ಡ ನಿಂತು ಗೋಡೆ ಕಟ್ಟುವ ಮೊದಲೇ ಛೆಟ್ರಿ ಚೆಂಡನ್ನು ಬಲೆಗೆ ಹಾಕಿದ, ರೆಫರಿ ಗೋಲು ಕೊಟ್ಟರು, ಅವರ ಕೋಚ್ ಇಡೀ ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಮೋಸ ಅಂತ ಅವನು, ನಿಯಮ ಅಂತ ನಾನು. ಅವರು ಮೂರು ಫೈನಲ್ ಸೋತಿದ್ದಾರೆ ಅಂತ ನಾನು ಚುಚ್ಚಿದರೆ, ನೀವೂ ಮೂರು ಸೋತಿದ್ದೀರಿ ಅನ್ನುತ್ತಾನೆ. ನಿಜ. ಆದರೆ ನಾವು ಒಂದು ಗೆದ್ದಿದ್ದೇವೆ, ಅವರು ಇನ್ನೂ ಗೆಲ್ಲಬೇಕು. ಇಲ್ಲಿಗೆ ಬಂದರೆ ಅಣ್ಣ ಗೇರ್ ಬದಲಿಸುತ್ತಾನೆ, ಮಾತು ನಿಲ್ಲುತ್ತದೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಈ ಸಲ 14 ತಂಡ, 91 ಪಂದ್ಯ ಅಂದಿದ್ದಾರೆ. ಅಂದರೆ ಒಂದು ತಂಡದ ಜೊತೆ ಒಂದೇ ಪಂದ್ಯ. ಮೊದಲಿನ ಹಾಗೆ ಒಂದು ಇಲ್ಲಿ, ಒಂದು ಅಲ್ಲಿ ಅಂತ ಇಲ್ಲ. ಬ್ಲಾಸ್ಟರ್ಸ್ ಪಂದ್ಯ ಕಂಠೀರವದಲ್ಲೋ ಅವರ ಊರಿನಲ್ಲೋ? ಮೋಹನ್ ಬಗಾನ್ ಇಲ್ಲಿಗೆ ಬರುತ್ತದೋ ಇಲ್ಲವೋ? ಈ ಪತ್ರ ಬರೆಯುವ ಹೊತ್ತಿಗೆ ಪಂದ್ಯಪಟ್ಟಿ ಬಂದಿಲ್ಲ. ಆಟಕ್ಕೆ ತಿಂಗಳು ಕೂಡ ಇಲ್ಲ! ಯಾವ ಚಾನೆಲ್‌ನಲ್ಲಿ ಬರುತ್ತದೆ ಅನ್ನುವುದೂ ಗೊತ್ತಿಲ್ಲ. ಬೆಂಗಳೂರಿನಲ್ಲಿ ಇರುವವರಿಗೆ ಇದೇನು ದೊಡ್ಡದಲ್ಲ ಬಿಡಿ, ಸಂಜೆ ಆಫೀಸು ಬಿಟ್ಟು ಹೋಗಿ ಕೂರುತ್ತಾರೆ. ನಮಗೆ ಒಂದು ಪಂದ್ಯ ಅಂದರೆ ಎರಡು ದಿನದ ಲೆಕ್ಕ.

ರಾತ್ರಿ 7.30ಕ್ಕೆ ಆಟ ಅಂದರೆ ಮುಗಿಯುವಾಗ 9.30. ಕಬ್ಬನ್ ಪಾರ್ಕ್‌ನಲ್ಲಿ ಮೆಟ್ರೊ ಹತ್ತಿ ಮೈಸೂರು ರಸ್ತೆ ಕಡೆ ಇಳಿದು, ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಮಡಿಕೇರಿ ಬಸ್ ಹಿಡಿದರೆ ಬೆಳಗಿನ ಜಾವಕ್ಕೆ ಸುಂಟಿಕೊಪ್ಪ. ಕುಶಾಲನಗರ ದಾಟಿ ಆನೆಕಾಡು ಬರುವಾಗ ಕಣ್ಣು ಬಿಡಲೇಬೇಕು, ಇಲ್ಲದಿದ್ದರೆ ನೇರ ಮಡಿಕೇರಿ. ಇಳಿದ ಮೇಲೂ ತೋಟದ ದಾರಿಯಲ್ಲಿ ನಡೆಯುವ ಹಾಗಿಲ್ಲ, ಆ ಹೊತ್ತಿನಲ್ಲಿ ಆನೆ ಎಲ್ಲಿರುತ್ತದೋ ಹೇಳಲಾಗದು. ಬೆಳಕು ಹರಿಯುವವರೆಗೆ ಚಳಿಯಲ್ಲಿ ಕೂತಿದ್ದು, ಆಮೇಲೆ ಮನೆಗೆ ಹೋಗಿ ಮುಖ ತೊಳೆದು ಎಂಟು ಗಂಟೆಗೆ ಹಾಜರಿ ಕರೆಯಬೇಕು. ಇದಕ್ಕೆಲ್ಲ ನಾನು ರೆಡಿ. ದೂರು ಇದರ ಬಗ್ಗೆ ಅಲ್ಲ. ಕಂಠೀರವದಲ್ಲಿ ಓಟದ ಟ್ರ್ಯಾಕ್ ಅಡ್ಡ ಇದ್ದು ಆಟ ದೂರ ಕಾಣುತ್ತದೆ, ಅದನ್ನೂ ಸಹಿಸಿಕೊಂಡಿದ್ದೇನೆ. ವೆಸ್ಟ್ ಬ್ಲಾಕ್‌ನ ನಮ್ಮ ಅಭಿಮಾನಿಗಳು ಡೋಲು ಬಡಿದು ಹಾಡು ಶುರು ಮಾಡಿದರೆ ದೂರ ಹತ್ತಿರ ಎಲ್ಲ ಮರೆತು ಹೋಗುತ್ತದೆ. ಆದರೆ ದಿನ ಮೊದಲೇ ಗೊತ್ತಿರಬೇಕು.

ಯಾಕೆಂದರೆ ಫೆಬ್ರವರಿ ಅಂದರೆ ಇಲ್ಲಿ ಕುಯ್ಲಿನ ಕೊನೆ. ಹಣ್ಣು ಕಣದಲ್ಲಿ ಒಣಗುತ್ತಿರುತ್ತದೆ, ಮೋಡ ಕಂಡರೆ ಓಡಿ ಮುಚ್ಚಬೇಕು. ಕುಯ್ಲು ಮುಗಿಯಿತು ಅನ್ನುವಷ್ಟರಲ್ಲಿ ಸ್ಪ್ರಿಂಕ್ಲರ್ ಹಾಕುವ ಕೆಲಸ. ರೋಬಸ್ಟಾ ಹೂವಿಗೆ ಸರಿಯಾದ ಹೊತ್ತಿಗೆ ನೀರು ಬೀಳದಿದ್ದರೆ ಮುಂದಿನ ವರ್ಷದ ಫಸಲು ಹೋಯಿತು ಅಂತಲೇ ಲೆಕ್ಕ. ಕರೆಂಟ್ ಇರುವಾಗ ಮೋಟರ್ ಓಡಿಸಬೇಕು, ರಾತ್ರಿ ಆದರೆ ರಾತ್ರಿ, ಪೈಪ್ ಜಾಗ ಬದಲಿಸುತ್ತಾ ಎದ್ದಿರಬೇಕು. ಅದು ಆದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಹಾಕಿ ಹಬ್ಬ, ಮದುವೆಗಳು. ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತಿದ್ದ ಆಟವನ್ನು ತಂದು ಇದರ ನಡುವೆ ಕೂರಿಸಿದ್ದಾರೆ. ಸರಿ, ಆಡುವುದೇ ದೊಡ್ಡದು, ಒಪ್ಪಿದೆ. ಆದರೆ ಮಾರ್ಚ್‌ನ ಒಂದು ಶನಿವಾರ ನನಗೆ ಬೇಕು ಅಂದರೆ ಈಗಲೇ ಯಾರ ಹತ್ತಿರವಾದರೂ ಪಾಳಿ ಬದಲಿಸಿಕೊಳ್ಳಬೇಕು. ಹಿಂದಿನ ದಿನ ಕೇಳಿದರೆ ಯಾರು ಒಪ್ಪುತ್ತಾರೆ? ಮಲೆನಾಡಿನಿಂದ, ಬಳ್ಳಾರಿ ಕಡೆಯಿಂದ, ಹುಬ್ಬಳ್ಳಿಯಿಂದ ಬರುವ ಅಭಿಮಾನಿಗಳ ಕಥೆಯೂ ಇಷ್ಟೇ ಇರಬೇಕು.

ಹಾಗಾಗಿ ಫೆಡರೇಷನ್‌ನವರಿಗೆ ನನ್ನ ಮಾತು ಇಷ್ಟು. ಪಟ್ಟಿ ಆದಷ್ಟು ಬೇಗ ಕೊಡಿ. ಕೊಟ್ಟ ಮೇಲೆ ಸುಮ್ನೆ ಬದಲಾಯಿಸಬೇಡಿ. ಮುಂದಿನ ವರ್ಷ ಯಾವಾಗ ಶುರು ಅಂತ ಈ ಸೀಸನ್ ಮುಗಿಯುವ ಮೊದಲೇ ಹೇಳಿ. ಒಪ್ಪಂದ, ಹಕ್ಕು, ಪಾಲು ಎಲ್ಲ ನಿಮ್ಮ ನಡುವೆ ಏನು ಬೇಕಾದರೂ ಮಾಡಿಕೊಳ್ಳಿ, ಅದನ್ನು ಮಳೆಗಾಲದೊಳಗೆ ಮುಗಿಸಿಕೊಳ್ಳಿ, ಅಷ್ಟು ದೀರ್ಘ ಮಳೆಗಾಲ ದೇವರು ಕೊಟ್ಟಿದ್ದಾನೆ ಅಲ್ವಾ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ ಇದೆ. ಕ್ರಿಕೆಟ್‌ಗೆ ಒಂದು ಪುಟ ಕೊಡಿ, ಬೇಡ ಅನ್ನಲ್ಲ. ಅದರ ಕೆಳಗೆ ನಾಲ್ಕು ಬೆರಳು ಜಾಗದಲ್ಲಿ ಇವತ್ತು ಐಎಸ್‌ಎಲ್‌ನಲ್ಲಿ ಯಾರ ಪಂದ್ಯ, ಎಷ್ಟು ಗಂಟೆಗೆ, ಯಾವ ಚಾನೆಲ್ ಅಂತ ದಿನಾ ಹಾಕಿ. ತೋಟದ ಒಳಗೆ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡದ ಮೇಲಿನ ಬಂಡೆ ಹತ್ತಬೇಕು, ಪೇಪರ್ ಮಾತ್ರ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದುಬಿಡುತ್ತದೆ. ಪೂರ್ತಿ ಪಟ್ಟಿ ಬಂದ ದಿನ ಅದನ್ನು ಒಂದೇ ಕಡೆ ಅಚ್ಚು ಹಾಕಿ, ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತೇವೆ.

ಕಂಠೀರವದ ಮೊದಲ ಪಂದ್ಯಕ್ಕೆ ಹೋಗುವವರು ಸುಂಟಿಕೊಪ್ಪ, ಕುಶಾಲನಗರ ಕಡೆ ಹತ್ತು ಹನ್ನೆರಡು ಜನ ಆದರೆ ಒಂದು ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋಗಬಹುದು ಅಂತ ಮಾತಾಡಿಕೊಂಡಿದ್ದೇವೆ. ಹಳದಿಯವರೂ ಬರಬಹುದು. ಬಾಡಿಗೆ ಸಮಪಾಲು, ದಾರಿಯಲ್ಲಿ ಹಾಡು ಮಾತ್ರ ನಮ್ಮದು.

ಇಂತಿ,
ಒಬ್ಬ ಬಿಎಫ್‌ಸಿ ಅಭಿಮಾನಿ
ಸುಂಟಿಕೊಪ್ಪ, ಕೊಡಗು