ಇಂಗ್ಲಿಷ್ ಇನ್ನೂ ಸಣ್ಣ ಭಾಷೆಯಾಗಿದ್ದಾಗ

ಮೈಸೂರು

ಚಿ. ನಂದಿನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮೆಸೇಜ್ ನೋಡಿದೆ. ಇಂಗ್ಲೆಂಡಿನ ಡರ್ಹಾಮ್‌ನಲ್ಲಿ ಹಳೆಯ ಇಂಗ್ಲಿಷ್, ಅಂದರೆ ಸಾವಿರ ವರ್ಷದ ಹಿಂದಿನ ಇಂಗ್ಲಿಷಿನ ಪೇಪರ್ ತಗೊಳ್ಳಲೋ, ಇಪ್ಪತ್ತನೇ ಶತಮಾನದ ಕಾದಂಬರಿ ತಗೊಳ್ಳಲೋ ಎಂದು ಕೇಳಿದ್ದೀಯ. ಸತ್ತ ಭಾಷೆ ಕಲಿತು ಏನು ಮಾಡ್ತೀಯ ಅಂತ ಗೆಳತಿಯರು ಕೇಳುತ್ತಿದ್ದಾರಂತೆ. ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹಳೆಯ ಇಂಗ್ಲಿಷ್ ತಗೋ. ಕಾದಂಬರಿಗಳನ್ನು ನೀನು ಮನೆಯಲ್ಲಿ ಕೂತೂ ಓದಬಹುದು. ಇದನ್ನು ಕ್ರಮವಾಗಿ ಕಲಿಸುವವರು ನಮ್ಮ ಕಡೆ ಸಿಗುವುದು ಕಷ್ಟ.

ಕಾರಣ ಅದೊಂದೇ ಅಲ್ಲ. ನಾವೆಲ್ಲ ಇಂಗ್ಲಿಷನ್ನು ಕತ್ತು ಎತ್ತಿ ನೋಡುತ್ತಾ ಬೆಳೆದವರು. ಅದು ನಮ್ಮೂರಿಗೆ ಬರುವ ಹೊತ್ತಿಗೇ ಕಚೇರಿಯ, ಕೋರ್ಟಿನ, ದೊಡ್ಡ ಸಂಬಳದ ಭಾಷೆಯಾಗಿತ್ತು. ಹಳ್ಳಿಯಿಂದ ಬಂದ ಜಾಣ ಮಕ್ಕಳು ನನ್ನ ಕ್ಲಾಸಿನಲ್ಲಿ ಈ ಭಾಷೆಯ ಮುಂದೆ ಕುಗ್ಗಿ ಕೂರುತ್ತಿದ್ದರು. ನೋಡಿದರೆ ಸಂಕಟವಾಗುತ್ತಿತ್ತು. ಇದೇ ಇಂಗ್ಲಿಷ್ ಒಂದು ಕಾಲದಲ್ಲಿ ಲ್ಯಾಟಿನ್ ಮುಂದೆ ಹಾಗೇ ಕುಗ್ಗಿ ಕೂತಿತ್ತು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ಕಾಲದ ಇಂಗ್ಲಿಷನ್ನು ಓದಿದವರಿಗೆ ಅದರ ಮೇಲಿನ ಭಯ ಹೋಗುತ್ತದೆ. ಕೋಪವೂ ಹೋಗುತ್ತದೆ. ನಿನಗೆ ಹಾಗಾಗಲಿ ಎನ್ನುವುದೇ ನನ್ನ ಆಸೆ.

ಎಲ್ಲಿಂದ ಶುರುವಾಯಿತು ನೋಡು. ಇಂಗ್ಲಿಷಿನಲ್ಲಿ ರಚನೆಯಾಗಿ ಉಳಿದಿರುವ ಅತಿ ಹಳೆಯ ಗ್ರಂಥ ಕವಿತೆಯೂ ಅಲ್ಲ, ಪ್ರಾರ್ಥನೆಯೂ ಅಲ್ಲ. ಅದು ಕೆಂಟ್‌ನ ರಾಜ ಎಥೆಲ್ಬರ್ಟ್ ಸುಮಾರು ಕ್ರಿ.ಶ. 600ರ ಹೊತ್ತಿಗೆ ಮಾಡಿಸಿದ ಕಾನೂನು. ಅದರ ಬಹುಭಾಗ ದಂಡದ ಪಟ್ಟಿ. ಹೆಬ್ಬೆರಳು ಕಡಿದರೆ 20 ಶಿಲ್ಲಿಂಗ್. ಅದರ ಉಗುರು ಹೋದರೆ 3. ಮುಂದಿನ ಹಲ್ಲು ಮುರಿದರೆ 6. ಒಂದು ಮನೆತನದವರು ಇನ್ನೊಂದು ಮನೆತನದ ಮೇಲೆ ಸೇಡು ತೀರಿಸಿಕೊಳ್ಳುತ್ತಾ ಹೋಗಬಾರದು, ದುಡ್ಡಿನಲ್ಲಿ ಮುಗಿಸಿಕೊಳ್ಳಲಿ ಎನ್ನುವ ಏರ್ಪಾಡು. ಹಲ್ಲು, ಉಗುರು, ಬೆರಳು ಎಂದು ಎಣಿಸುವ ಈ ಭಾಷೆಯಲ್ಲಿ ದೊಡ್ಡಸ್ತಿಕೆ ಚೂರೂ ಇಲ್ಲ.

ಕವಿತೆಯ ಕಥೆ ಇನ್ನೂ ಚೆನ್ನಾಗಿದೆ. ನನಗೆ ಈ ಇಡೀ ಕಾಲದಲ್ಲಿ ಅತಿ ಪ್ರೀತಿಯ ಸಂಗತಿ ಇದು. ಹೆಸರು ಗೊತ್ತಿರುವ ಮೊದಲ ಇಂಗ್ಲಿಷ್ ಕವಿ ಒಬ್ಬ ದನಗಾಹಿ. ಕ್ಯಾಡ್ಮನ್ ಎಂದು ಹೆಸರು. ಏಳನೇ ಶತಮಾನದಲ್ಲಿ ವಿಟ್ಬಿ ಎಂಬ ಕಡಲತೀರದ ಮಠದಲ್ಲಿ ದನ ನೋಡಿಕೊಂಡಿದ್ದ. ಆ ಮಠಕ್ಕೆ ಒಡತಿ ಹಿಲ್ಡ್ ಎಂಬ ಹೆಂಗಸು. ಗಂಡಸರೂ ಹೆಂಗಸರೂ ಇದ್ದ ಮಠವನ್ನು ಅವಳು ನಡೆಸುತ್ತಿದ್ದಳು. ಊಟದ ಕೂಟಗಳಲ್ಲಿ ಹಾರ್ಪ್ ಎಂಬ ತಂತಿವಾದ್ಯ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿತ್ತು. ಸರದಿ ಬಂದವರು ಹಾಡಬೇಕು. ಹಾರ್ಪ್ ತನ್ನ ಹತ್ತಿರ ಬರುವುದು ಕಂಡರೆ ಸಾಕು, ಕ್ಯಾಡ್ಮನ್ ಎದ್ದು ಹೋಗಿಬಿಡುತ್ತಿದ್ದ. ಅವನಿಗೆ ಹಾಡಲು ಬರುತ್ತಿರಲಿಲ್ಲ. ಒಂದು ರಾತ್ರಿ ಹಾಗೇ ಎದ್ದು ಕೊಟ್ಟಿಗೆಗೆ ಹೋಗಿ ಮಲಗಿದ. ಕನಸಿನಲ್ಲಿ ಯಾರೋ ನಿಂತು ಹೆಸರು ಹಿಡಿದು ಕರೆದು, ಏನಾದರೂ ಹಾಡು ಎಂದರು. ನನಗೆ ಬರಲ್ಲ, ಅದಕ್ಕೇ ಎದ್ದು ಬಂದೆ ಎಂದ. ಆದರೂ ನೀನು ಹಾಡಲೇಬೇಕು, ಸೃಷ್ಟಿಯ ಮೊದಲನ್ನು ಹಾಡು ಎಂದರು. ಹಾಡಿದ. ಬೆಳಿಗ್ಗೆ ಎದ್ದಾಗಲೂ ಹಾಡು ನೆನಪಿತ್ತು. ಹಿಲ್ಡ್ ಓದಿದವರನ್ನೆಲ್ಲ ಕೂರಿಸಿ ಅವನನ್ನು ಪರೀಕ್ಷೆ ಮಾಡಿಸಿದಳು. ಬೈಬಲಿನ ಒಂದು ಭಾಗ ಹೇಳಿಕೊಟ್ಟರೆ ಮಾರನೇ ದಿನ ಅದನ್ನು ಪದ್ಯ ಮಾಡಿ ತಂದ. ಕೇಳಿದ್ದನ್ನು ಅವನು ದನ ಮೆಲುಕು ಹಾಕುವ ಹಾಗೆ ಮನಸ್ಸಿನಲ್ಲಿ ಮೆಲುಕು ಹಾಕುತ್ತಿದ್ದ ಎಂದು ಬೀಡ್ ಬರೆಯುತ್ತಾನೆ.

ಈ ಕಥೆ ನಮಗೆ ತಿಳಿದಿರುವುದೇ ಬೀಡ್ ಎಂಬ ಸಂನ್ಯಾಸಿಯಿಂದ. 731ರಲ್ಲಿ ಮುಗಿಸಿದ ತನ್ನ ಚರಿತ್ರೆಯಲ್ಲಿ ಅವನು ಇದನ್ನು ಬರೆದ. ಆದರೆ ಲ್ಯಾಟಿನ್‌ನಲ್ಲಿ ಬರೆದ. ಹಾಡಿನ ಸಾರವನ್ನೂ ಲ್ಯಾಟಿನ್‌ನಲ್ಲೇ ಕೊಟ್ಟ. ಪುಸ್ತಕವನ್ನು ಪ್ರತಿ ಮಾಡಿದ ಬೇರೆ ಯಾರೋ ಆ 9 ಸಾಲುಗಳನ್ನು ಇಂಗ್ಲಿಷಿನಲ್ಲಿ ಸೇರಿಸಿದರು. ಒಂದು ಪ್ರತಿಯಲ್ಲಿ ಅದು ಕೊನೆಯ ಹಾಳೆಯಲ್ಲಿದೆ. ಇನ್ನೊಂದರಲ್ಲಿ ಪುಟದ ಕೆಳಗಿನ ಅಂಚಿನಲ್ಲಿದೆ. ಯೋಚನೆ ಮಾಡು. ಈ ಭಾಷೆಯ ಮೊದಲ ಕವಿತೆಗೆ ಪುಟದ ನಡುವೆ ಜಾಗ ಸಿಗಲಿಲ್ಲ.

ಇನ್ನು ಕಟ್ಟಡಗಳ ವಿಷಯ. ಡರ್ಹಾಮ್‌ಗೆ ಹೋದ ದಿನವೇ ಬೆಟ್ಟದ ಮೇಲಿನ ಕೆಥೆಡ್ರಲ್ ನೋಡಿ ಬೆರಗಾಗುತ್ತೀಯ. ಬೆರಗಾಗು, ತಪ್ಪಿಲ್ಲ. ಆದರೆ ಅದು ಗೆದ್ದವರು ಕಟ್ಟಿದ್ದು ಎಂಬುದು ನೆನಪಿರಲಿ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. 1093ರಲ್ಲಿ ಈ ಕೆಥೆಡ್ರಲ್ಲಿನ ಕೆಲಸ ಶುರುವಾಯಿತು. ಅಲ್ಲಿದ್ದ ಹಳೆಯ ಇಂಗ್ಲಿಷ್ ಚರ್ಚನ್ನು ಕೆಡವಿಹಾಕಿದರು. ಒಳಗೆ ಬೀಡ್‌ನ ಸಮಾಧಿಯಿದೆ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲು. ಸಂತ ಕತ್ಬರ್ಟ್‌ಗೆ 698ರಲ್ಲಿ ಮಾಡಿದ ಮರದ ಶವಪೆಟ್ಟಿಗೆಯ ತುಂಡುಗಳನ್ನೂ ಅಲ್ಲೇ ಜೋಡಿಸಿ ಇಟ್ಟಿದ್ದಾರೆ. ಅದರ ಮೇಲೆ ಉತ್ತರ ಯುರೋಪಿನ ಹಳೆಯ ರೂನ್ ಲಿಪಿಯೂ ಇದೆ, ಲ್ಯಾಟಿನ್ ಲಿಪಿಯೂ ಇದೆ.

ಆಮೇಲೆ ಒಂದು ಭಾನುವಾರ ಬಿಡುವು ಮಾಡಿಕೊಂಡು ಎಸ್ಕೋಂಗೆ ಹೋಗು. ಬಿಷಪ್ ಆಕ್ಲೆಂಡ್ ಪಟ್ಟಣದ ಹತ್ತಿರದ ಹಳ್ಳಿ. ಅಲ್ಲಿನ ಚರ್ಚು ಸುಮಾರು 675ರದ್ದು. ಇಕ್ಕಟ್ಟಾದ, ಎತ್ತರದ ಗೋಡೆಗಳು. ಚಿಕ್ಕ ಚಿಕ್ಕ ಕಿಟಕಿಗಳು. ಕಲ್ಲುಗಳು ರೋಮನ್ನರವು. ಪಕ್ಕದ ಬಿಂಚೆಸ್ಟರ್‌ನಲ್ಲಿ ಪಾಳುಬಿದ್ದ ರೋಮನ್ ಕೋಟೆಯಿಂದ ಹೊತ್ತು ತಂದಿರಬೇಕು ಎನ್ನುತ್ತಾರೆ. ಉತ್ತರದ ಗೋಡೆಯನ್ನು ಹೊರಗಿನಿಂದ ನೋಡು. ರೋಮನ್ ಸೈನ್ಯದ ಆರನೇ ದಳದ ಹೆಸರು ಕೊರೆದ ಕಲ್ಲೊಂದು ತಲೆಕೆಳಗಾಗಿ ಕೂತಿದೆ. ಕಟ್ಟಿದವರಿಗೆ ಅಕ್ಷರ ಮುಖ್ಯವಾಗಿರಲಿಲ್ಲ, ಚೌಕಾಕಾರದ ಒಳ್ಳೆಯ ಕಲ್ಲು ಮುಖ್ಯವಾಗಿತ್ತು. ಆ ಗೋಡೆಯ ಮುಂದೆ ನಿಂತಾಗ ನನಗೆ ಈ ಜನ ತುಂಬಾ ಹತ್ತಿರದವರು ಅನ್ನಿಸಿದರು.

ಅವರು ಮರದಲ್ಲಿ ಕಟ್ಟುವ ಜನ. ಅರಮನೆಯೂ ಮರದ್ದೇ. ಅದಕ್ಕೇ ಬಹಳ ಉಳಿದಿಲ್ಲ. ಬೆನೆಡಿಕ್ಟ್ ಬಿಸ್ಕಪ್ ಎಂಬವನು 674ರಲ್ಲಿ ಮಂಕ್‌ವೇರ್ಮತ್‌ನಲ್ಲಿ ಮಠ ಶುರುಮಾಡಿದಾಗ ಕಲ್ಲುಕುಟಿಗರನ್ನೂ ಗಾಜು ಮಾಡುವವರನ್ನೂ ಗಾಲ್ ದೇಶದಿಂದ, ಅಂದರೆ ಈಗಿನ ಫ್ರಾನ್ಸಿನಿಂದ ಕರೆಸಬೇಕಾಯಿತು. ಜಾರೋದಲ್ಲಿ ಅವನ ಎರಡನೇ ಮಠದ ಚರ್ಚಿದೆ. 685ರ ಪ್ರತಿಷ್ಠೆಯ ಶಾಸನ ಈಗಲೂ ಗೋಡೆಯಲ್ಲಿದೆ. ನೆಲ ಅಗೆದಾಗ ಸಿಕ್ಕ ಆ ಕಾಲದ ಬಣ್ಣದ ಗಾಜನ್ನು ಒಂದು ಪುಟ್ಟ ಕಿಟಕಿಯಲ್ಲಿ ಕೂರಿಸಿದ್ದಾರೆ. ಬೀಡ್ ಬಾಳಿ ಬದುಕಿದ ಜಾಗ ಅದು. ಎಸ್ಕೋಂ, ಜಾರೋ ಎರಡನ್ನೂ ನೋಡದೆ ಲಂಡನ್ನಿಗೆ ಓಡಬೇಡ.

ಈಗ ಭಾಷೆ. ಮೊದಮೊದಲು ಕಷ್ಟ ಆಗುತ್ತದೆ. ಈಗಿನ ಇಂಗ್ಲಿಷಿನಲ್ಲಿ ಇಲ್ಲದ ಅಕ್ಷರಗಳಿವೆ. ನಾಮಪದಕ್ಕೆ ಮೂರು ಲಿಂಗ, ನಾಲ್ಕು ವಿಭಕ್ತಿ. ನಿನ್ನ ಜೊತೆಯ ಇಂಗ್ಲಿಷ್ ಮಕ್ಕಳು ವಿಭಕ್ತಿ ನೋಡಿ ಗಾಬರಿಯಾಗುತ್ತಾರೆ. ನಿನಗೆ ಆ ಭಯ ಬೇಡ. ಕನ್ನಡದಲ್ಲಿ ಮಾತಾಡಿ ಬೆಳೆದವಳಿಗೆ ವಿಭಕ್ತಿ ಹೊಸದೇನಲ್ಲ, ಅಲ್ವಾ? ಬಿ.ಎ.ನಲ್ಲಿ ಪಂಪನನ್ನು ಹೇಗೆ ಓದಿದೆಯೋ ಹಾಗೇ ಓದು ಕಣೇ. ಮೊದಲು ಗಟ್ಟಿಯಾಗಿ ಓದು. ಆಮೇಲೆ ಪದ ಬಿಡಿಸು. ಆಮೇಲೆ ಕ್ರಿಯಾಪದ ಹುಡುಕು. ಕೊನೆಗೆ ಬೇಕಾದರೆ ಹೊಸ ಇಂಗ್ಲಿಷ್ ಅನುವಾದ ತೆಗೆ. ಅನುವಾದ ಮೊದಲು ತೆಗೆದವರು ಮೂಲಕ್ಕೆ ಮತ್ತೆ ಬರುವುದಿಲ್ಲ, ಇದನ್ನು ನಾನು ಹಳಗನ್ನಡದ ವಿದ್ಯಾರ್ಥಿಗಳಲ್ಲೂ ನೋಡಿದ್ದೇನೆ.

ಅವರ ಛಂದಸ್ಸು ಕಿವಿಯದ್ದು. ಪ್ರತಿ ಸಾಲಿನಲ್ಲಿ ಎರಡು ತುಂಡು, ನಡುವೆ ಒಂದು ನಿಲುಗಡೆ. ಒಂದೊಂದು ತುಂಡಿಗೆ ಎರಡು ಒತ್ತು. ಒತ್ತು ಬೀಳುವ ಪದಗಳ ಮೊದಲ ಧ್ವನಿ ಆಚೆಗೂ ಈಚೆಗೂ ಹೊಂದಬೇಕು. ನಮ್ಮ ಹಳೆಯ ಪದ್ಯಗಳಲ್ಲಿ ಸಾಲಿನ ಎರಡನೇ ಅಕ್ಷರದ ಪ್ರಾಸ ಕೇಳಿ ಬೆಳೆದ ಕಿವಿ ನಿನ್ನದು. ಪುಸ್ತಕ ಮುಚ್ಚಿಟ್ಟು ಬಾಯಲ್ಲಿ ಹೇಳಿಕೊಂಡರೆ ಬೇಗ ಹಿಡಿತ ಸಿಗುತ್ತದೆ.

ರಾಜ ಆಲ್ಫ್ರೆಡ್‌ನ ಮುನ್ನುಡಿಯೊಂದನ್ನು ನಿಮಗೆ ಖಂಡಿತ ಓದಿಸುತ್ತಾರೆ. 871ರಿಂದ 899ರವರೆಗೆ ದಕ್ಷಿಣ ಇಂಗ್ಲೆಂಡಿನ ವೆಸೆಕ್ಸ್ ರಾಜ್ಯವನ್ನು ಆಳಿದವನು. ವೈಕಿಂಗ್ ದಾಳಿಗಳಿಂದ ಮಠಗಳು ಹಾಳಾಗಿದ್ದವು. ಲ್ಯಾಟಿನ್ ಪತ್ರವೊಂದನ್ನು ಇಂಗ್ಲಿಷಿಗೆ ತರಬಲ್ಲವರು ಹಂಬರ್ ನದಿಯ ದಕ್ಷಿಣಕ್ಕೆ ಬಹಳ ಕಡಿಮೆ ಎಂದು ಅವನು ಕೊರಗುತ್ತಾನೆ. ಹಾಗಾದರೆ ಎಲ್ಲರಿಗೂ ತಿಳಿದಿರಲೇಬೇಕಾದ ಪುಸ್ತಕಗಳನ್ನು ನಮಗೆಲ್ಲ ಅರ್ಥವಾಗುವ ಭಾಷೆಗೆ ತರೋಣ ಎನ್ನುತ್ತಾನೆ. ತಾನೂ ಕೂತು ಅನುವಾದ ಮಾಡುತ್ತಾನೆ. ಅದೇ ಶತಮಾನದಲ್ಲಿ ಇಲ್ಲಿ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತ್ತು. ಸಂಸ್ಕೃತದ ನೆರಳಿನಲ್ಲಿ ಕನ್ನಡ, ಲ್ಯಾಟಿನ್ ನೆರಳಿನಲ್ಲಿ ಇಂಗ್ಲಿಷ್. ಒಬ್ಬರಿಗೊಬ್ಬರು ಗೊತ್ತೇ ಇರಲಿಲ್ಲ. ಆದರೂ ಎರಡು ಅರಮನೆಗಳಲ್ಲಿ ಒಂದೇ ಚಿಂತೆ. ನಿನ್ನ ಪ್ರಬಂಧಕ್ಕೆ ವಿಷಯ ಹುಡುಕುವಾಗ ಇದನ್ನೊಮ್ಮೆ ಯೋಚನೆ ಮಾಡು. ಆ ಎರಡನ್ನೂ ಮೂಲದಲ್ಲೇ ಓದಬಲ್ಲವರು ಅಲ್ಲಿ ಬಹಳ ಇರಲಾರರು.

ಇನ್ನೊಂದು ಮಾತು ಹೇಳಲೇಬೇಕು. ಈ ಕಾಲವನ್ನು ಕೆಲವರು ಬಿಳಿಯರ ಶುದ್ಧ ರಕ್ತದ ಕಥೆ ಮಾಡಿಕೊಂಡಿದ್ದಾರೆ. ನಿನ್ನ ಮೈಬಣ್ಣ ನೋಡಿ, ಇದು ನಿನಗೇಕೆ ಎಂದು ಯಾರಾದರೂ ಕೇಳಿದರೂ ಕೇಳಬಹುದು. ಹೆದರಬೇಡ. 669ರಲ್ಲಿ ಕ್ಯಾಂಟರ್ಬರಿಗೆ ಬಂದ ಆರ್ಚ್‌ಬಿಷಪ್ ಥಿಯೊಡೋರ್ ಈಗಿನ ಟರ್ಕಿಯ ಟಾರ್ಸಸ್‌ನವನು. ಅವನ ಜೊತೆಗಾರ ಹೇಡ್ರಿಯನ್ ಆಫ್ರಿಕಾದವನು ಎಂದು ಬೀಡ್ ಸ್ಪಷ್ಟವಾಗಿ ಬರೆದಿದ್ದಾನೆ. ಇಂಗ್ಲಿಷರಿಗೆ ಗ್ರೀಕ್ ಹೇಳಿಕೊಟ್ಟವರು ಇವರಿಬ್ಬರು. ಆ ಕಾಲದ ಚಿನ್ನದ ಒಡವೆಗಳಲ್ಲಿ ಕೂರಿಸಿದ ಕೆಂಪು ಗಾರ್ನೆಟ್ ಹರಳುಗಳಲ್ಲಿ ಕೆಲವು ಭಾರತ, ಶ್ರೀಲಂಕಾಗಳಿಂದ ಹೋದವು. ಯಾರಾದರೂ ಕೇಳಿದರೆ ಇಷ್ಟು ಹೇಳು, ಸಾಕು. ಜಗಳ ಬೇಡ.

ಹಾಗೆಂದು ಆ ಕಾಲವನ್ನು ಹೊಗಳುತ್ತಾ ಕೂರಲೂ ಬೇಡ. ಸುಮಾರು 1000ದ ಹೊತ್ತಿಗೆ ಎಲ್ಫ್ರಿಕ್ ಎಂಬ ಗುರು ಹುಡುಗರಿಗೆ ಲ್ಯಾಟಿನ್ ಕಲಿಸಲು ಒಂದು ಸಂಭಾಷಣೆ ಬರೆದ. ಅದರ ಒಂದು ಪ್ರತಿಯಲ್ಲಿ ಸಾಲಿನ ಮೇಲೆ ಇಂಗ್ಲಿಷ್ ಅರ್ಥಗಳಿವೆ. ಅದರಲ್ಲಿ ಒಬ್ಬ ಉಳುವವನು ಮಾತಾಡುತ್ತಾನೆ. ಎಂಥ ಚಳಿಯಿದ್ದರೂ ಒಡೆಯನ ಭಯಕ್ಕೆ ಬೆಳಕು ಹರಿಯುತ್ತಲೇ ಎತ್ತು ಹೊಡೆದುಕೊಂಡು ಹೋಗಬೇಕು. ಜೊತೆಯ ಹುಡುಗನ ಗಂಟಲು ಕೂಗಿ ಕೂಗಿ, ಚಳಿಗೆ ಕಟ್ಟಿದೆ. ಬಹಳ ದುಡಿಮೆ, ಏಕೆಂದರೆ ನಾನು ಸ್ವತಂತ್ರನಲ್ಲ ಎನ್ನುತ್ತಾನೆ. ವೀರರ ಕಥೆ ಓದುವಾಗ ಇವನನ್ನು ಮರೆಯಬೇಡ.

ಬಿಯೋವುಲ್ಫ್ ಓದಲು ಅವಸರ ಪಡಬೇಡ. 3182 ಸಾಲಿನ ಕಾವ್ಯ, ಉಳಿದಿರುವುದು ಒಂದೇ ಹಸ್ತಪ್ರತಿ. 1731ರಲ್ಲಿ ಲಂಡನ್ನಿನಲ್ಲಿ ಅದಿದ್ದ ಮನೆಗೆ ಬೆಂಕಿ ಬಿದ್ದಾಗ ಅಂಚು ಸುಟ್ಟುಹೋಯಿತು. ಆಮೇಲೆ ಅಂಚಿನ ಅಕ್ಷರಗಳು ಉದುರುತ್ತಾ ಹೋದವು. ಥಾರ್ಕೆಲಿನ್ ಎಂಬ ಐಸ್‌ಲ್ಯಾಂಡಿನವನು ಹದಿನೆಂಟನೇ ಶತಮಾನದ ಕೊನೆಗೆ ಒಂದನ್ನು ಬೇರೆಯವರಿಂದ ಮಾಡಿಸಿ, ಇನ್ನೊಂದನ್ನು ತಾನೇ ಮಾಡಿಟ್ಟ ಎರಡು ನಕಲುಗಳಿಂದ ಎಷ್ಟೋ ಅಕ್ಷರ ಉಳಿದವು. ಎರಡನೇ ಟರ್ಮ್‌ಗೆ ಇಟ್ಟುಕೋ.

ಅದಕ್ಕಿಂತ ಮೊದಲು ಎಕ್ಸಿಟರ್ ಪುಸ್ತಕದ ಸಣ್ಣ ಕವಿತೆಗಳನ್ನು ಓದು. 1072ರಲ್ಲಿ ತೀರಿಕೊಂಡ ಬಿಷಪ್ ಲಿಯೋಫ್ರಿಕ್ ಎಕ್ಸಿಟರ್ ಕೆಥೆಡ್ರಲ್ಲಿಗೆ ಕೊಟ್ಟ ಪುಸ್ತಕ ಅದು. ಇವತ್ತಿಗೂ ಅಲ್ಲೇ ಇದೆ. ನಡುವೆ ಅದನ್ನು ಯಾರೋ ಕತ್ತರಿಸುವ ಹಲಗೆಯಾಗಿ ಬಳಸಿದ್ದಾರೆ, ಕತ್ತಿಯ ಗೀರುಗಳಿವೆ. ಅದರಲ್ಲಿ ತೊಂಬತ್ತಕ್ಕೂ ಜಾಸ್ತಿ ಒಗಟುಗಳಿವೆ. ಪುಸ್ತಕ ತಿಂದ ಹುಳವೊಂದು ಅಷ್ಟು ಮಾತು ನುಂಗಿಯೂ ಒಂದಿಷ್ಟೂ ಜಾಣನಾಗಲಿಲ್ಲ ಎನ್ನುವ ಒಗಟನ್ನು ಓದಿ ನಗು. ಗಂಡನಿಂದ ದೂರವಾಗಿ ಓಕ್ ಮರದ ಕೆಳಗಿನ ಗವಿಯಲ್ಲಿ ಒಬ್ಬಳೇ ಕೂತ ಹೆಂಗಸಿನ ಅಳಲು ಇದೆ. ಅದನ್ನು ನಿಧಾನಕ್ಕೆ ಓದು. ಪಾಳುಬಿದ್ದ ರೋಮನ್ ಊರನ್ನು ನೋಡಿ, ಇದು ರಾಕ್ಷಸರು ಕಟ್ಟಿದ್ದೇ ಇರಬೇಕು ಎಂದು ಬೆರಗಾಗುವ ಕವಿತೆಯೂ ಇದೆ. ಎಸ್ಕೋಂಗೆ ಹೋಗುವ ಮೊದಲು ಅದನ್ನು ಓದಿಕೊಂಡು ಹೋಗು.

ಎಲ್ಲಕ್ಕಿಂತ ಮೊದಲು ಓದಬೇಕಾದ್ದು ಮಾತ್ರ ನಿನ್ನ ಊರಿನ ಮೇಲೆಯೇ ಬರೆದ ಕವಿತೆ. ಡರ್ಹಾಮ್ ಎಂದೇ ಅದಕ್ಕೆ ಹೆಸರು, 21 ಸಾಲು ಅಷ್ಟೇ. ಸಾಮಾನ್ಯವಾಗಿ ಹನ್ನೆರಡನೇ ಶತಮಾನದ ಆರಂಭದ್ದು ಎನ್ನುತ್ತಾರೆ. ಅಷ್ಟು ಹೊತ್ತಿಗೆ ಅರಮನೆಯಲ್ಲಿ ಫ್ರೆಂಚ್ ಬಂದಿತ್ತು, ಇಂಗ್ಲಿಷ್ ಮೂಲೆ ಸೇರಿತ್ತು. ಅಂಥ ಹೊತ್ತಿನಲ್ಲೂ ಯಾರೋ ಒಬ್ಬರು ಹಳೆಯ ಮಟ್ಟಿನಲ್ಲಿ ಬಂಡೆ ಮೇಲಿನ ಊರು, ಸುತ್ತ ಹರಿಯುವ ವೇರ್ ನದಿ, ಅದರ ಮೀನುಗಳು, ಅಲ್ಲಿ ಮಲಗಿರುವ ಕತ್ಬರ್ಟ್, ಬೀಡ್ ಎಲ್ಲರನ್ನೂ ಹಾಡಿದ್ದಾರೆ. ನದಿ ದಂಡೆಯಲ್ಲಿ ಕೂತು ಗಟ್ಟಿಯಾಗಿ ಓದಬಹುದು, ಯಾರೂ ಏನೂ ಅನ್ನುವುದಿಲ್ಲ.

ಪೇಪರ್ ಆರಿಸಲು ಕೊನೆಯ ದಿನ ಯಾವಾಗ ಅಂತ ತಿಳಿಸು. ನನ್ನ ಹತ್ತಿರ ಇರುವ ವ್ಯಾಕರಣದ ಪುಸ್ತಕವನ್ನು ನಿನ್ನ ಅಮ್ಮನ ಕೈಲಿ ಕಳಿಸುತ್ತೇನೆ. ಹೊರಡುವ ಮೊದಲು ವಿಭಕ್ತಿ ಪಟ್ಟಿಗಳನ್ನಾದರೂ ಬಾಯಿಪಾಠ ಮಾಡಿಕೋ. ಅಲ್ಲಿ ಹೋಗಿ ಒಂದು ತಿಂಗಳಾದ ಮೇಲೆ ಕ್ಯಾಡ್ಮನ್‌ನ 9 ಸಾಲು ನಿನ್ನ ದನಿಯಲ್ಲಿ ರೆಕಾರ್ಡ್ ಮಾಡಿ ಕಳಿಸು. ನಿನ್ನ ದೊಡ್ಡಪ್ಪನಿಗೂ ಕೇಳಿಸುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ